ಶುಗರ್ ಇರೋ ಹಿರಿಯರಿಗೆ ಮರೆವು ಶುರುವಾದ್ರೆ ಮೊದ್ಲು ಏನ್ ನೋಡ್ಬೇಕು?

ಏಕಾದಶಿ ದಿನ ನಮ್ಮತ್ತೆ ಉಪವಾಸ ಇದ್ರು, ಆದ್ರೆ ಶುಗರ್ ಮಾತ್ರೆ ಮಾತ್ರ ತಪ್ಪಿಸ್ಲಿಲ್ಲ, ಹನ್ನೊಂದು ಗಂಟೆಗೆ ನೋಡಿದ್ರೆ ಹೂಬುಟ್ಟಿ ಮಡಿಲಲ್ಲಿ ಇಟ್ಕೊಂಡು ಬೆವರ್ತಾ ಕೂತಿದಾರೆ, ಮೊಮ್ಮಗನ್ನೇ "ಯಾರಪ್ಪಾ ನೀನು" ಅಂತಿದಾರೆ. ಅರವತ್ತಕ್ಕೆ ಅರಳು ಮರಳು ಅಂದ್ಬಿಟ್ರು ಎಲ್ರೂ. ಚುಚ್ಚಿ ನೋಡಿದ್ರೆ ಶುಗರ್ 54!

ಹಂಗಾಗಿ ದಿಢೀರ್ ಗೊಂದಲ ಆದ್ರೆ ಮೊದಲ ಕೆಲಸ ಗ್ಲುಕೋಮೀಟರ್ ತೆಗೆಯೋದು. 70ಕ್ಕಿಂತ ಕಮ್ಮಿ ಇದ್ರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹಾಕ್ಬೇಡಿ, 108ಕ್ಕೆ ಫೋನ್ ಮಾಡಿ. ಬಾಯಿ ಸೊಟ್ಟಗಾದ್ರೆ, ಮಾತು ತೊದಲಿದ್ರೂ ಅಷ್ಟೇ, ಅದು ಸ್ಟ್ರೋಕ್ ಇರಬಹುದು.

ಆಮೇಲೆ ಮಾತ್ರೆ ಸ್ಟ್ರಿಪ್ ಎಣಿಸಿ. ನಾವು ಎಣಿಸಿದಾಗ ಗ್ಲಿಮೆಪಿರೈಡ್ ಅನ್ನೋ ಶುಗರ್ ಇಳಿಸೋ ಮಾತ್ರೆ ಎರಡು ಜಾಸ್ತಿ ಖಾಲಿ ಆಗಿತ್ತು, ಅಂದ್ರೆ ತಗೊಂಡಿದ್ದು ಮರೆತು ಮತ್ತೆ ನುಂಗಿದಾರೆ! ಮರೆವಿಂದ ಡಬಲ್ ಡೋಸು, ಅದ್ರಿಂದ ಲೋ ಶುಗರ್ರು, ಪದೇ ಪದೇ ಲೋ ಆಗೋ ಹಿರಿಯರಲ್ಲಿ ಡಿಮೆನ್ಶಿಯಾ (ಮರೆವಿನ ಕಾಯಿಲೆ) ರಿಸ್ಕೂ ಜಾಸ್ತಿ ಕಂಡುಬಂದಿದೆ. ವಾರದ ಏಳು ಖಾನೆ ಇರೋ ಮಾತ್ರೆ ಡಬ್ಬಿ ತಂದಿಡಿ, ತುಂಬೋದು ಮಗನೋ ಸೊಸೆನೋ ಮಾಡ್ಲಿ.

ಮೂರನೇದು ವಿಟಮಿನ್ ಬಿ12 ರಕ್ತ ಪರೀಕ್ಷೆ. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ವರ್ಷಗಟ್ಟಲೆ ತಗೊಂಡ್ರೆ ಬಿ12 ಇಳಿಯಬಹುದು, ಸಸ್ಯಾಹಾರಿಗಳಿಗೆ ಮೊದ್ಲೇ ಕಮ್ಮಿ ಇರತ್ತೆ, ಮರೆವು ಪಾದದ ಜೋಮು ಎರಡಕ್ಕೂ ಇದೇ ಕಾರಣ ಇರಬಹುದು, ಬೇಗ ಸಿಕ್ರೆ ಇಂಜೆಕ್ಷನ್ನೋ ಮಾತ್ರೆನೋ ಕೊಟ್ಟು ಸರಿ ಮಾಡ್ಬಹುದು. ಮೆಟ್‌ಫಾರ್ಮಿನ್ ನೀವೇ ನಿಲ್ಲಿಸ್ಬೇಡಿ ಮತ್ತೆ.

ಇದೆಲ್ಲಾ ಸರಿ ಇದ್ದೂ ತಿಂಗಳುಗಟ್ಟಲೆ ಮರೆವು ಜಾಸ್ತಿ ಆಗ್ತಿದ್ರೆ ನರರೋಗ ತಜ್ಞರಿಗೆ ತೋರಿಸಿ. ಹೈ ಶುಗರ್ ವರ್ಷಾನುಗಟ್ಟಲೆ ಇದ್ರೆ ಕಣ್ಣು ಕಿಡ್ನಿ ಥರಾನೇ ಮೆದುಳಿನ ಸಣ್ಣ ರಕ್ತನಾಳಗಳೂ ಹಾಳಾಗ್ತವೆ. 2024ರಲ್ಲಿ ಲ್ಯಾನ್ಸೆಟ್ ಕಮಿಷನ್ (ವೈದ್ಯಕೀಯ ಪತ್ರಿಕೆಯೊಂದರ ತಜ್ಞರ ತಂಡ) ಪಟ್ಟಿ ಮಾಡಿದ, ಡಿಮೆನ್ಶಿಯಾಗೆ ದಾರಿ ಮಾಡೋ ಆದ್ರೆ ನಾವು ತಡೀಬಹುದಾದ 14 ಅಂಶಗಳಲ್ಲಿ ಡಯಾಬಿಟಿಸ್ ಒಂದು, ಬಿಪಿ, ಕೊಲೆಸ್ಟ್ರಾಲ್, ಕಿವಿ ಮಂದ ಆಗೋದೂ ಅದ್ರಲ್ಲಿವೆ. ಶುಗರ್ ಇದ್ದೋರಿಗೆಲ್ಲಾ ಮರೆವು ಬರತ್ತೆ ಅಂತಲ್ಲ.

ಹಂಗಂತ ಎಂಬತ್ತರ ಅಜ್ಜೀನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಪರೀಕ್ಷೆ) 6.5ಕ್ಕೆ ತನ್ನಿ ಅಂತ ಡಾಕ್ಟರ್ ಹಿಂದೆ ಬೀಳ್ಬೇಡಿ. ನಿಶ್ಶಕ್ತಿ ಇರೋ ವಯಸ್ಸಾದೋರಿಗೆ 8ರ ಆಸುಪಾಸು ಸಾಕು ಅಂತಾರೆ, ಲೋ ಆಗೋದೇ ಹೆಚ್ಚು ಅಪಾಯ. ನಮ್ಮತ್ತೆಗೆ ಮಾತ್ರೆ ಬದಲಾಯ್ತು, ಉಪವಾಸ ಮಾತ್ರ ಬಿಡಲ್ಲ ಅಂತ ಹಟ, ಹಿಂದಿನ ದಿನ ಡಾಕ್ಟರ್‌ಗೆ ಫೋನ್ ಮಾಡಿ ಕೇಳ್ತೀನಿ ಅಂತ ಒಪ್ಪಿದಾರೆ.