ಉಸಿರಾಟ 18 ಎಂದು ಬರೆಯುವ ಮುನ್ನ

ಆಂಬುಲೆನ್ಸ್‌ನ ಕೇಸ್ ಹಾಳೆಗಳನ್ನು ತಿರುವಿ ಹಾಕಿದರೆ ಉಸಿರಾಟದ ಜಾಗದಲ್ಲಿ 18, 20 ಈ ಎರಡೇ ಅಂಕಿ ಮತ್ತೆ ಮತ್ತೆ ಕಾಣುತ್ತವೆ. ಬಹುಪಾಲು ಎಣಿಸಿ ಬರೆದದ್ದಲ್ಲ, ಕಣ್ಣಂದಾಜು. ನಾಡಿ, ಬಿಪಿ, ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಶೇಕಡಾ ಎಷ್ಟು ಎಂಬುದು) ಯಂತ್ರ ಹಚ್ಚಿದರೆ ಬರುತ್ತವೆ. ಉಸಿರನ್ನು ಕೂತು ಎಣಿಸಬೇಕು, ಅದಕ್ಕೇ ತಪ್ಪಿಹೋಗುತ್ತದೆ. ರೋಗಿ ಕೆಡುತ್ತಿರುವಾಗ ಮೊದಲು ಏರುವುದು ಎಷ್ಟೋ ಸಲ ಇದೇ ಅಂಕಿ.

ಹಾಗಾಗಿ ನಾನು ಶುರು ಮಾಡುವುದೇ ಉಸಿರಿನಿಂದ. ಕರೆದರೂ ಅಲುಗಿಸಿದರೂ ಎಚ್ಚರವಾಗದೆ ಬಿಕ್ಕಿ ಬಿಕ್ಕಿ ಉಸಿರೆಳೆಯುತ್ತಿದ್ದರೆ ಎಣಿಕೆಯ ಮಾತೇ ಇಲ್ಲ. ಕತ್ತಿನ ನಾಡಿಗೆ ಹತ್ತು ಸೆಕೆಂಡ್ ಮೀರದಷ್ಟು ಸಮಯ, ಸಿಗದಿದ್ದರೆ ಎದೆ ಒತ್ತುವುದೇ ಕೆಲಸ. ಉಳಿದವರಲ್ಲಿ ಉಸಿರು ಎಣಿಸುತ್ತಿದ್ದೇನೆ ಎಂದು ಹೇಳುವುದಿಲ್ಲ, ಹೇಳಿದ ಕೂಡಲೇ ಅವರ ಲಯ ಬದಲಾಗುತ್ತದೆ. ಮಣಿಕಟ್ಟಿನ ನಾಡಿ ಎಣಿಸಿ ಮುಗಿಸಿ, ಬೆರಳನ್ನು ಅಲ್ಲೇ ಬಿಟ್ಟು, ಕಣ್ಣನ್ನು ಹೊಟ್ಟೆಗೆ ತಿರುಗಿಸಿ ಪೂರ್ತಿ ಒಂದು ನಿಮಿಷ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರಿನ ತಪ್ಪು ನಾಲ್ಕಾಗಿ, 20 ಇದ್ದದ್ದು 24 ಆಗುತ್ತದೆ. ಶಾಲು, ಸೆರಗು ಅಡ್ಡ ಇದ್ದರೆ ರೋಗಿಯ ಕೈಯನ್ನೇ ಅವರ ಹೊಟ್ಟೆಯ ಮೇಲಿಟ್ಟು ಅದು ಏಳುವುದನ್ನು ನೋಡಬಹುದು. ದೊಡ್ಡವರಿಗೆ 12ರಿಂದ 20 ಸಹಜ. 30 ದಾಟಿದರೆ, ಅಥವಾ 10ಕ್ಕಿಂತ ಇಳಿದರೆ, ಮಿಕ್ಕ ಅಳತೆಗಳು ಕಾಯಲಿ. ಮೊದಲು ಉಸಿರುದಾರಿ ತೆರವು, ಆಕ್ಸಿಜನ್, ಇಳಿದವರಿಗೆ ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್.

ನಾಗರಹಾವು ಕಡಿದವರಲ್ಲಿ ಈ ಎಣಿಕೆಯೂ ಸಾಲದು. ರೆಪ್ಪೆ ಜೋಲುತ್ತಿದೆಯೇ ನೋಡಿ, ಒಂದೇ ಉಸಿರಿನಲ್ಲಿ ಒಂದರಿಂದ ಎಣಿಸಲು ಹೇಳುತ್ತೇನೆ. ಮೊದಲು 25ರವರೆಗೆ ಹೋದವರು ಹತ್ತು ನಿಮಿಷದ ಮೇಲೆ 14ಕ್ಕೆ ನಿಂತರೆ ಉಸಿರಿನ ಸ್ನಾಯುಗಳು ಸೋಲುತ್ತಿವೆ ಎಂದೇ ಅರ್ಥ. ಆಗಲೂ ಬೆರಳಿನ ಯಂತ್ರ 97 ತೋರಿಸುತ್ತಿರಬಹುದು. ಆಕ್ಸಿಜನ್ ಹಾಕಿದ ಮೇಲಂತೂ ಅದು ಇನ್ನೂ ತಡವಾಗಿ ಬೀಳುತ್ತದೆ.

ಆ ಯಂತ್ರವನ್ನು ನಂಬುವ ಮುನ್ನ ಅದು ತೋರಿಸುವ ನಾಡಿಯನ್ನು ನನ್ನ ಬೆರಳಿಗೆ ಸಿಕ್ಕ ನಾಡಿಯ ಜೊತೆ ಹೋಲಿಸುತ್ತೇನೆ. ಎರಡೂ ಹೊಂದದಿದ್ದರೆ ಸ್ಯಾಚುರೇಶನ್ ಅಂಕಿಯೂ ಲೆಕ್ಕಕ್ಕಿಲ್ಲ. ತಣ್ಣಗಾದ ಬೆರಳು, ಗಾಢ ಬಣ್ಣದ ನೈಲ್ ಪಾಲಿಶ್, ಅದೇ ಕೈಗೆ ಬಿಪಿ ಪಟ್ಟಿ, ಇವೇ ಸಾಮಾನ್ಯ ಕಾರಣಗಳು. ಬೆರಳನ್ನು ಉಜ್ಜಿ ಬಿಸಿ ಮಾಡಿ, ಇಲ್ಲವೇ ಕೈ ಬದಲಿಸಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿಕೊಂಡು ಮಲಗಿದವರಲ್ಲಿ 99 ಬಂದರೂ ನಂಬಬೇಡಿ. ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಈ ಯಂತ್ರ ಆಕ್ಸಿಜನ್ ಇರುವ ರಕ್ತವೆಂದೇ ಓದುತ್ತದೆ.

ಬಿಪಿಯಲ್ಲಿ ಅರ್ಧ ತಪ್ಪು ಪಟ್ಟಿಯದೇ. ಒಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಶೇ 40, ಉದ್ದ ಶೇ 80 ಇರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಹೈ ಬಿಪಿ ಬರುತ್ತದೆ. ತೋಳು ಎದೆಮಟ್ಟದಲ್ಲಿರಲಿ, ಸ್ಟ್ರೆಚರ್‌ನಿಂದ ಕೆಳಗೆ ಜೋತುಬಿದ್ದರೆ ಅಂಕಿ ಮೇಲೇರುತ್ತದೆ. ಡಯಾಲಿಸಿಸ್‌ನವರ ಫಿಸ್ಟುಲಾ (ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿದ ಜಾಗ) ಇರುವ ಕೈಗೆ ಪಟ್ಟಿ ಕಟ್ಟಲೇಬಾರದು. ಮೊದಲ ಬಿಪಿಯನ್ನು ಗಾಡಿ ಹೊರಡುವ ಮುಂಚೆ, ಯಂತ್ರವಿಲ್ಲದೆ ಕೈಯಲ್ಲೇ ನೋಡುತ್ತೇನೆ. ಹೊಂಡದ ರಸ್ತೆಯ ಕುಲುಕಾಟಕ್ಕೆ ಯಂತ್ರ ಏನೇನೋ ಹೇಳುತ್ತದೆ, ಸೈರನ್ ಸದ್ದಿನಲ್ಲಿ ಸ್ಟೆತ್ ಕೇಳುವುದಿಲ್ಲ. ದಾರಿಯಲ್ಲಿ ಮಣಿಕಟ್ಟಿನ ನಾಡಿ ಹಿಡಿದು ಪಟ್ಟಿಗೆ ಗಾಳಿ ತುಂಬುತ್ತಾ, ನಾಡಿ ಮಾಯವಾದ ಮೇಲೆ ಇನ್ನೂ 30 ಏರಿಸಿ, ಸೆಕೆಂಡಿಗೆ 2–3ರಂತೆ ಇಳಿಸುತ್ತೇನೆ. ನಾಡಿ ಮರಳಿದ ಅಂಕಿಯೇ ಮೇಲಿನ ಬಿಪಿ. ಕೆಳಗಿನದು ಈ ವಿಧಾನದಲ್ಲಿ ಸಿಗದು, ಊಹಿಸಿ ಬರೆಯಲೂಬಾರದು.

ಅಪಘಾತದಲ್ಲಿ 118/96 ಕಂಡು ನೆಮ್ಮದಿಪಡುವವರೇ ಹೆಚ್ಚು. ನಾಡಿ 124 ಇದ್ದರೆ ಅದು ನೆಮ್ಮದಿಯ ಅಂಕಿಯಲ್ಲ. ಮೇಲಿನ-ಕೆಳಗಿನ ಬಿಪಿಯ ಅಂತರ 22ಕ್ಕೆ ಕುಗ್ಗಿದೆ, ನಾಡಿಯ ಅಂಕಿ ಮೇಲಿನ ಬಿಪಿಯನ್ನೇ ದಾಟಿದೆ. ರಕ್ತನಾಳಗಳು ಬಿಗಿದುಕೊಂಡು ಬಿಪಿಯನ್ನು ಹಿಡಿದಿಟ್ಟಿರುತ್ತವೆ. ಅದು ಬೀಳುವ ಹೊತ್ತಿಗೆ ದೇಹ ಸುಮಾರು ಮೂರನೇ ಒಂದು ಭಾಗ ರಕ್ತ ಕಳೆದುಕೊಂಡಿರಬಹುದು. ಇದಕ್ಕೊಂದು ಮೋಸವಿದೆ: ನಾಡಿಯನ್ನು ನಿಧಾನಿಸುವ ಮೆಟೊಪ್ರೊಲಾಲ್, ಅಟೆನೊಲಾಲ್ ಮಾತ್ರೆ ನುಂಗುವವರ ನಾಡಿ ರಕ್ತ ಹೋಗುತ್ತಿದ್ದರೂ 80ರ ಆಸುಪಾಸಿನಲ್ಲೇ ನಿಲ್ಲಬಹುದು. ಅದಕ್ಕೇ ಮನೆಯವರಿಗೆ ಮಾತ್ರೆಯ ಚೀಟಿ, ಖಾಲಿ ಸ್ಟ್ರಿಪ್ ಏನಿದ್ದರೂ ತನ್ನಿ ಎನ್ನುತ್ತೇನೆ. ಚರ್ಮ ತಣ್ಣಗೆ ಬೆವೆತಿದೆಯೇ, ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳುತ್ತದೆಯೇ ಎಂಬುದೂ ಆಗ ಬೇಕು. ಚಳಿಯಲ್ಲಿ ಉಗುರಿನ ಬದಲು ಎದೆಮೂಳೆಯ ಮೇಲೆ ಒತ್ತಿ ನೋಡುತ್ತೇನೆ.

ಮಂಕಾಗಿರುವವರಿಗೆಲ್ಲ ಸಕ್ಕರೆ ಪರೀಕ್ಷೆ, ಬೆರಳನ್ನು ಒರೆಸಿದ ಮೇಲೆ. ಮನೆಯವರು ಅದೇ ತಾನೆ ಬಾಯಿಗೆ ಸಕ್ಕರೆ ಹಾಕಿದ್ದು ಬೆರಳಿಗೆ ಅಂಟಿದ್ದರೆ 50 ಇರುವವರಿಗೂ 180 ಬರಬಹುದು.

ಗಂಭೀರವಿದ್ದವರಿಗೆ ಐದು ನಿಮಿಷಕ್ಕೊಮ್ಮೆ, ಉಳಿದವರಿಗೆ ಹದಿನೈದಕ್ಕೊಮ್ಮೆ ಮತ್ತೆ ಎಲ್ಲ ಅಳತೆ, ಪಕ್ಕದಲ್ಲಿ ಗಂಟೆ, ಆಕ್ಸಿಜನ್ ಎಷ್ಟು ಲೀಟರ್ ಎಂಬುದೂ. ಬಿಪಿ ಸಿಗದಿದ್ದರೆ ಅಂಕಿ ತುಂಬುವುದಿಲ್ಲ. ‘ಬಿಪಿ ಸಿಗಲಿಲ್ಲ, ಕೈನಾಡಿ ಇಲ್ಲ, ಕತ್ತಿನ ನಾಡಿ ಇದೆ, 10:42’ ಎಂದು ಬರೆಯುತ್ತೇನೆ.