ತಾಮ್ರದ ಲ್ಯಾಂಡ್‌ಲೈನನ್ನು ಆಸ್ಟರಿಸ್ಕ್‌ಗೆ ಜೋಡಿಸುವಾಗ ಸಿಗ್ನಲಿಂಗ್ ಸರಿಪಡಿಸುವುದು

ತಿಪಟೂರಿನ ಕೊಬ್ಬರಿ ಮಂಡಿಯೊಂದರ 08134ರ ಹಳೇ ನಂಬರ್ ಬಿಡದೆ, ಒಳಗೆ ನಾಲ್ಕೈದು ಎಕ್ಸ್‌ಟೆನ್ಷನ್ ಬೇಕೆಂದರೆ ಆಸ್ಟರಿಸ್ಕ್ (ಕಂಪ್ಯೂಟರನ್ನೇ ಟೆಲಿಫೋನ್ ಎಕ್ಸ್‌ಚೇಂಜ್ ಮಾಡುವ ಸಾಫ್ಟ್‌ವೇರ್), ಅದನ್ನು ಕಾರ್ಡಿಗೆ ಜೋಡಿಸುವ ಡಾಡಿ ಡ್ರೈವರ್, ಎಫ್‌ಎಕ್ಸ್‌ಒ ಪೋರ್ಟ್ (ಹೊರಗಿನ ಲೈನ್ ಬಂದು ಸೇರುವ ಪೋರ್ಟ್) ಇರುವ ಒಂದು ಕಾರ್ಡ್ ಸಾಕು. ಕರೆ ಬರುವಂತೆ ಮಾಡುವುದು ಸುಲಭ. ಆ ಕಡೆಯವರು ಫೋನ್ ಇಟ್ಟದ್ದು ನಮ್ಮ ಕಂಪ್ಯೂಟರಿಗೆ ತಿಳಿಯುವಂತೆ ಮಾಡುವುದರಲ್ಲೇ ಕಷ್ಟವೆಲ್ಲ ಇರುವುದು.

ಕಾರ್ಡ್ ಮುಟ್ಟುವ ಮೊದಲು ಲೈನ್ ಅಳೆಯಿರಿ. ಮಲ್ಟಿಮೀಟರನ್ನು 200 ವೋಲ್ಟ್ ಡಿಸಿಗೆ ಇಟ್ಟು ಎರಡು ತಂತಿಗೂ ಹಿಡಿಯಿರಿ. ಫೋನ್ ಇಟ್ಟಿರುವಾಗ ಸುಮಾರು 48 ವೋಲ್ಟ್ ಇರಬೇಕು, ಎತ್ತಿದರೆ ಹತ್ತರ ಆಸುಪಾಸಿಗೆ ಇಳಿಯಬೇಕು. ಮಾಮೂಲಿ ಫೋನಿನಿಂದ ನಿಮ್ಮ ಮೊಬೈಲಿಗೆ ಡಯಲ್ ಮಾಡಿ. ಮೊಬೈಲ್ ಎತ್ತಿದ ಕ್ಷಣ ಮೀಟರಿನಲ್ಲಿ 8 ಇದ್ದದ್ದು −8 ಆದರೆ, ಎಕ್ಸ್‌ಚೇಂಜ್ ಪೊಲಾರಿಟಿ (ತಂತಿಗಳ ಪ್ಲಸ್, ಮೈನಸ್) ತಿರುಗಿಸುತ್ತಿದೆ ಎಂದರ್ಥ. ಇದನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕು. ಗಂಟೆ ಹೊಡೆಯುವಾಗ ತಂತಿ ಬರಿಗೈಲಿ ಹಿಡಿಯಬೇಡಿ, ಆಗ ಲೈನಿನಲ್ಲಿ ಸುಮಾರು 75 ವೋಲ್ಟ್ ಎಸಿ ಇರುತ್ತದೆ.

ಹೊರಗಿನ ಲೈನ್ ಎಫ್‌ಎಕ್ಸ್‌ಒ ಪೋರ್ಟಿಗೇ ಹೋಗಬೇಕು. ತಪ್ಪಿ ಎಫ್‌ಎಕ್ಸ್‌ಎಸ್‌ಗೆ (ಒಳಗಿನ ಫೋನಿಗೆ ಕರೆಂಟ್ ಕೊಡುವ ಪೋರ್ಟಿಗೆ) ಹಾಕಿದರೆ ಎರಡೂ ಕಡೆಯ ಕರೆಂಟ್ ಎದುರುಬದುರಾಗಿ ಮಾಡ್ಯೂಲ್ ಸುಡಬಹುದು. ಆದರೆ ಕಾನ್ಫಿಗ್‌ನಲ್ಲಿ ಬರೆಯುವಾಗ ಉಲ್ಟಾ: ಎಫ್‌ಎಕ್ಸ್‌ಒ ಪೋರ್ಟಿಗೆ ಎಫ್‌ಎಕ್ಸ್‌ಎಸ್-ಕೆಎಸ್ ಸಿಗ್ನಲಿಂಗ್. ಹೊಸಬರು ಎಡವುವುದು ಇಲ್ಲೇ. ಡಾಡಿಯ ಸಿಸ್ಟಂ ಫೈಲಿನಲ್ಲಿ ಟೋನ್ ಝೋನ್ (ಯಾವ ದೇಶದ ಟೋನ್‌ಗಳು ಎಂಬುದು) ಭಾರತದ್ದು ಇರಲಿ. ಡ್ರೈವರ್ ಲೋಡ್ ಆಗುವಾಗ ಆಪರ್‌ಮೋಡ್‌ಗೆ (ಲೈನಿನ ವಿದ್ಯುತ್ ಮಟ್ಟಗಳು ಯಾವ ದೇಶದ್ದೆಂಬ ಸೆಟ್ಟಿಂಗ್‌ಗೆ) INDIA ಎಂದು ಪೂರ್ತಿ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಕೊಡಿ. ಬಿಟ್ಟರೆ ಅಮೆರಿಕದ ಮಟ್ಟಗಳಲ್ಲೇ ನಡೆಯುತ್ತದೆ.

ಇನ್ನು ಆಸ್ಟರಿಸ್ಕ್‌ನ ಚಾನ್-ಡಾಡಿ ಫೈಲ್. ಅದನ್ನು ಮೇಲಿನಿಂದ ಕೆಳಕ್ಕೆ ಓದಲಾಗುತ್ತದೆ. ಚಾನೆಲ್ ನಂಬರಿನ ಸಾಲು ಎಲ್ಲ ಸೆಟ್ಟಿಂಗ್‌ಗಳ ಕೆಳಗೇ ಬರಬೇಕು, ಅದರ ಕೆಳಗೆ ಬರೆದದ್ದು ಆ ಲೈನಿಗೆ ತಾಗುವುದಿಲ್ಲ. ನಮ್ಮಲ್ಲಿ ಕಾಲರ್ ಐಡಿ ಬರುವುದು ಮೊದಲ ಗಂಟೆಗೂ ಮುಂಚೆ, ಡಿಟಿಎಂಎಫ್ ಸ್ವರಗಳಲ್ಲಿ (ಫೋನಿನ ಬಟನ್ ಒತ್ತಿದಾಗ ಕೇಳುವ ಸ್ವರಗಳು). ಸಾಫ್ಟ್‌ವೇರ್ ತಾನಾಗಿ ಅದನ್ನು ಗಂಟೆಯ ನಂತರ ಹುಡುಕುವುದರಿಂದ ನಂಬರ್ ಬರುವುದೇ ಇಲ್ಲ. ಸಿಐಡಿ (ಕಾಲರ್ ಐಡಿ) ಸಿಗ್ನಲಿಂಗ್ ಡಿಟಿಎಂಎಫ್ ಎಂದೂ, ಸಿಐಡಿ ಸ್ಟಾರ್ಟ್ 'ಪೊಲಾರಿಟಿ ಐಎನ್' ಎಂದೂ ಇಡಿ. ಆಗಲೂ ಬರದಿದ್ದರೆ ಎರಡನೆಯದನ್ನು ಡಿಟಿಎಂಎಫ್ ಮಾಡಿ ನೋಡಿ.

ಕಟ್ ಆಗುವ ವಿಷಯ. ಮೀಟರಿನಲ್ಲಿ ಪೊಲಾರಿಟಿ ತಿರುಗಿದ್ದರೆ ಮಾತ್ರ ಆನ್ಸರ್ (ಎತ್ತಿದ್ದು), ಹ್ಯಾಂಗಪ್ (ಇಟ್ಟದ್ದು) ಎರಡನ್ನೂ ಪೊಲಾರಿಟಿಗೆ ಕಟ್ಟಿ. ತಿರುಗದ ಲೈನಿಗೆ ಇದನ್ನು ಹಾಕಿದರೆ, ಎದುರಿನವರು ಮಾತಾಡುತ್ತಿದ್ದರೂ ಆಸ್ಟರಿಸ್ಕ್ ಇನ್ನೂ ಗಂಟೆ ಹೊಡೆಯುತ್ತಿದೆ ಎಂದೇ ಕಾಯುತ್ತಿರುತ್ತದೆ. ಪೊಲಾರಿಟಿ ತಿರುಗದಿದ್ದರೆ ಎಂಗೇಜ್ ಟೋನ್ ಒಂದೇ ಗತಿ: ಬಿಜಿ ಡಿಟೆಕ್ಟ್ ಹೌದು, ಬಿಜಿ ಕೌಂಟ್ (ಟೋನ್ ಎಷ್ಟು ಸಲ ಕೇಳಿದ ಮೇಲೆ ಕಟ್ ಮಾಡಬೇಕೆಂಬುದು) 4, ಬಿಜಿ ಪ್ಯಾಟರ್ನ್ 750,750. ಭಾರತದ ಎಂಗೇಜ್ ಟೋನ್ 400 ಹರ್ಟ್ಸ್, 750 ಮಿಲಿಸೆಕೆಂಡ್ ಶಬ್ದ, ಅಷ್ಟೇ ಮೌನ. ಎದುರಿನವರು ಇಟ್ಟಮೇಲೂ ಲೈನ್ ಬಿಡದಿದ್ದರೆ ಡಾಡಿ ಮಾನಿಟರ್‌ನಿಂದ ಆ ಟೋನ್ ರೆಕಾರ್ಡ್ ಮಾಡಿ, ಆಡಾಸಿಟಿ ಎಂಬ ಆಡಿಯೊ ಸಾಫ್ಟ್‌ವೇರಿನಲ್ಲಿ ತೆರೆದು ಶಬ್ದ, ಮೌನಗಳ ಉದ್ದ ಅಳೆದು ಅದನ್ನೇ ಬರೆಯಿರಿ. 250,250 ಕಂಡರೆ ಅದು ಕಂಜೆಷನ್ ಟೋನ್ (ಲೈನುಗಳು ತುಂಬಿರುವಾಗಿನದು). ಮಾತಿನ ಮಧ್ಯೆ ಕರೆ ಕಡಿಯುತ್ತಿದ್ದರೆ ಕೌಂಟ್ 6ಕ್ಕೆ ಏರಿಸಿ.

ಸಿಗ್ನಲಿಂಗ್ ಬದಲಿಸಿದ ಮೇಲೆ ಬರೀ ರೀಲೋಡ್ ಸಾಲದು, ಆಸ್ಟರಿಸ್ಕ್ ರೀಸ್ಟಾರ್ಟ್ ಮಾಡಿ. ಹೊರಗಿನಿಂದ ಹತ್ತು ಸಲ ಕರೆ ಮಾಡಿ, ಪ್ರತಿಸಲವೂ ಕರೆ ಮಾಡಿದವರೇ ಮೊದಲು ಫೋನ್ ಇಡಲಿ. ಪ್ರತಿ ಕರೆಯ ನಂತರ ಚಾನೆಲ್ ಪಟ್ಟಿ ಸೊನ್ನೆಗೆ ಬರಬೇಕು.

ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಮೊದಲು ಹೋಗುವುದು ಎಫ್‌ಎಕ್ಸ್‌ಒ ಮಾಡ್ಯೂಲೇ. ಲೈನ್ ಕಟ್ಟಡದ ಒಳಬರುವ ಜಾಗದಲ್ಲೇ ಗ್ಯಾಸ್ ಟ್ಯೂಬಿನ ಅರೆಸ್ಟರ್ (ಸಿಡಿಲಿನ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸಾಧನ) ಹಾಕಿ, ಅದರ ಅರ್ತ್ ತಂತಿಯನ್ನು ಗಿಡ್ಡವಾಗಿ, ಸುರುಳಿ ಸುತ್ತದೆ ಅರ್ತ್ ಪಿಟ್‌ಗೆ ಎಳೆಯಿರಿ.