ಅಟ್ಟದ ಕ್ಯಾಸೆಟ್‌ನಿಂದ ‘ಠ’ ತನಕ

ಶಿರಸಿಯ ನಮ್ಮ ಮನೆ ಅಟ್ಟದಲ್ಲಿ ಅಡಿಕೆ ಚೀಲಗಳ ಹಿಂದೆ ಒಂದು ಕ್ಯಾಸೆಟ್ ಸಿಕ್ಕಿತು. ಚೀಟಿಯ ಅಕ್ಷರ ಅಳಿಸಿತ್ತು. ಯಕ್ಷಗಾನ ಇರಬೇಕು ಅಂತ ಹಾಕಿದೆ. ಭಾಗವತರ ಬದಲು ಬರೀ ಕೀಂ, ಕರ್ರ್ ಅನ್ನುವ ಸದ್ದು! ಚಿಕ್ಕಪ್ಪ ಮುಂಬೈಯಲ್ಲಿದ್ದಾಗ ಮನೆಬಳಕೆಯ ಪುಟ್ಟ ಕಂಪ್ಯೂಟರ್ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್‌ಗೆ ಅಸೆಂಬ್ಲಿಯಲ್ಲಿ, ಅಂದರೆ ಪ್ರೊಸೆಸರಿನ ಆಜ್ಞೆಗಳನ್ನೇ ಒಂದೊಂದಾಗಿ ಬರೆಯುವ ಭಾಷೆಯಲ್ಲಿ, ಬರೆದ ಪ್ರೋಗ್ರಾಮ್ ಅದು. ಆಗ ಪ್ರೋಗ್ರಾಮುಗಳನ್ನು ಹೀಗೆ ಸದ್ದಾಗಿ ಕ್ಯಾಸೆಟ್ಟಿನಲ್ಲಿ ಇಡುತ್ತಿದ್ದರು. 1982ರ ಯಂತ್ರ, ಝಡ್80 ಪ್ರೊಸೆಸರ್, 48ಕೆ ಮೆಮೊರಿ. ಬರೆದಿಟ್ಟ ಹಾಳೆಗಳನ್ನು ಒರಲೆ ತಿಂದಿತ್ತು. ಉಳಿದದ್ದು ಈ ಸದ್ದು ಮಾತ್ರ. ಅದರಿಂದಲೇ ಪ್ರೋಗ್ರಾಮನ್ನು ಮತ್ತೆ ಪಡೆದ ಬಗೆ ಇದು.

ಹಾಗೆ ಸೀದಾ ಹಾಕಿದ್ದೇ ನನ್ನ ಮೊದಲ ತಪ್ಪು. ಟೇಪಿನ ಮೇಲೆ ಬಿಳಿ ಬೂಷ್ಟು ಇದ್ದರೆ ಅದು ಪ್ಲೇಯರಿನಲ್ಲಿ ಟೇಪನ್ನು ಓದುವ ಹೆಡ್ಡಿಗೂ ಹತ್ತುತ್ತದೆ. ಮಳೆಗಾಲದಲ್ಲಂತೂ ಈ ಕೆಲಸ ಬೇಡ. ಕಾರವಾರ, ಕುಮಟಾದವರಿಗೆ ಉಪ್ಪುಗಾಳಿ ಬೇರೆ. ಕ್ಯಾಸೆಟ್ಟನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಬ್ಬದಲ್ಲಿ ಮುಚ್ಚಿ ಕೆಲವು ದಿನ ಇಡಿ. ಪ್ಲೇಯರ್ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಟೇಪನ್ನು ಒಮ್ಮೆ ಪೂರ್ತಿ ಮುಂದೆ ಓಡಿಸಿ, ಹಿಂದೆ ಸುತ್ತಿ, ಆಮೇಲೆ ನುಡಿಸಿ. ಸದ್ದು ಮಂಕಾಗಿದ್ದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಸದ್ದು ಚುರುಕಾದ ಕಡೆ ನಿಲ್ಲಿಸಿ.

ಕಂಪ್ಯೂಟರಿಗೆ ಜೋಡಿಸಿ ಆಡಾಸಿಟಿ ಅನ್ನುವ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ. ಎಡ, ಬಲ ಚಾನೆಲ್‌ಗಳನ್ನು ಸೇರಿಸಬೇಡಿ. ನನಗೆ ಎಡದ್ದು ಪೂರ್ತಿ ಕೈಕೊಟ್ಟಿತು, ಬಲದ್ದು ಬಂತು.

ಈ ಸದ್ದಿನ ಲೆಕ್ಕ ಸುಲಭ. ಗಿಡ್ಡ ಅಲೆ ಅಂದರೆ 0, ಅದರ ಎರಡು ಪಟ್ಟು ಉದ್ದದ್ದು 1. ಇವತ್ತಿನ ಕಂಪ್ಯೂಟರನ್ನೇ ಸ್ಪೆಕ್ಟ್ರಮ್ ಥರ ಓಡಿಸುವ ಫ್ಯೂಸ್ ಎಮ್ಯುಲೇಟರ್ ಜೊತೆ ಸಿಗುವ ‘ಆಡಿಯೊ2ಟೇಪ್’ ಇದನ್ನು ಬೈಟ್‌ಗಳಾಗಿ, ಅಂದರೆ ಎಂಟೆಂಟು 0-1ಗಳ ಗುಂಪಾಗಿ, ಮಾಡಿಕೊಡುತ್ತದೆ. ಪ್ರತಿ ತುಂಡಿನ ಕೊನೆಗೆ ತಾಳೆ ನೋಡಲು ಒಂದು ಬೈಟ್ ಇರುತ್ತದೆ. ತಾಳೆಯಾಗದಿದ್ದರೆ ಮತ್ತೆ ರೆಕಾರ್ಡ್ ಮಾಡುವುದೊಂದೇ ದಾರಿ. ನಾನು ಆರು ಸಲ ಮಾಡಿದೆ. ಮೊದಲು ಬರುವ ಹೆಡರ್ ಎಂಬ ತುಂಡಿನಲ್ಲಿ ಪ್ರೋಗ್ರಾಮಿನ ಉದ್ದ, ಅದು ಮೆಮೊರಿಯಲ್ಲಿ ಕೂರುವ ವಿಳಾಸ ಎರಡೂ ಇರುತ್ತವೆ. ಬರೆದುಕೊಳ್ಳಿ. ವಿಳಾಸ ತಪ್ಪಿದರೆ ಮುಂದಿನದ್ದೆಲ್ಲ ತಪ್ಪು.

ಇನ್ನು ಬೈಟ್‌ಗಳನ್ನು ಅಸೆಂಬ್ಲಿಗೆ ತಿರುಗಿಸಬೇಕು. ನಾನು ಬಳಸಿದ್ದು ಸ್ಕೂಲ್‌ಕಿಟ್, ಪುಕ್ಕಟೆ ಸಿಗುತ್ತದೆ. 33, 0, 64 ಬಂದರೆ ‘ಎಚ್‌ಎಲ್‌ಗೆ 16384 ಹಾಕು’ ಅಂತ ಅರ್ಥ. ಎಚ್‌ಎಲ್, ಎ, ಬಿ, ಸಿ, ಡಿ ಎಲ್ಲ ಪ್ರೊಸೆಸರಿನೊಳಗೆ ಅಂಕಿ ಇಡುವ ಖಾನೆಗಳು. ಕೊನೆಯ ಬೈಟನ್ನು 256ರಿಂದ ಗುಣಿಸಿ ನೋಡಿ. ಪರದೆಯ ಮೆಮೊರಿ ಶುರುವಾಗುವುದೇ ಅಲ್ಲಿ. ಅಂದರೆ ಏನೋ ಚಿತ್ರ ಬರೆಯುತ್ತಿದ್ದಾರೆ ಅಂತಾಯಿತಲ್ವಾ?

ಆದರೆ ಈ ಉಪಕರಣಕ್ಕೆ ಆಜ್ಞೆ ಯಾವುದು, ಸುಮ್ನೆ ಇಟ್ಟ ಅಂಕಿ ಯಾವುದು ಅಂತ ಎಲ್ಲ ಕಡೆ ಗೊತ್ತಾಗುವುದಿಲ್ಲ. ಒಂದು ಕಡೆ ಅದು ‘ಎಗೆ ಒಂದು ಕೂಡು, ಬಿಗೆ ಡಿ ಹಾಕು, ಎಗೆ ಸಿ ಕೂಡು, ಎಯಿಂದ ಸಿಯನ್ನೂ ಹಿಂದಿನ ಲೆಕ್ಕದ ಕ್ಯಾರಿಯನ್ನೂ ಕಳೆ’ ಅಂತ ತಲೆಬುಡವಿಲ್ಲದ ಸಾಲು ಕೊಟ್ಟಿತು. ಎರಡು ಸಂಜೆ ತಲೆ ಕೆಡಿಸಿಕೊಂಡೆ. ಆ ಬೈಟ್‌ಗಳು 60, 66, 129, 153, 153, 129, 66, 60. ಒಂದರ ಕೆಳಗೊಂದು ಬೈನರಿಯಲ್ಲಿ ಬರೆದು, 1 ಇದ್ದ ಕಡೆ ಚುಕ್ಕೆ ಇಟ್ಟೆ:

··●●●●··
·●····●·
●······●
●··●●··●
●··●●··●
●······●
·●····●·
··●●●●··

ಸಾಕ್ಷಾತ್ ‘ಠ’, ತಲೆಕಟ್ಟು ಮಾತ್ರ ಇಲ್ಲ! ಸ್ಪೆಕ್ಟ್ರಮ್‌ನಲ್ಲಿ ನಾವೇ ಬರೆದುಕೊಳ್ಳಬಹುದಾದ ಅಕ್ಷರಗಳು 21, ಒಂದೊಂದಕ್ಕೆ 8 ಬೈಟ್. 48ಕೆ ಯಂತ್ರದಲ್ಲಿ ಅವು 65368ರಿಂದ ಶುರು. ಹಾಗಾಗಿ ಅರ್ಥವಿಲ್ಲದ ಆಜ್ಞೆಗಳ ಸಾಲು ಕಂಡರೆ ಮೊದಲು ಚುಕ್ಕೆ ಇಟ್ಟು ನೋಡಿ. ಅಕ್ಷರವೋ ಚಿತ್ರವೋ ಆಗಿದ್ದರೆ ಆ ಜಾಗ ಡೇಟಾ ಅಂತ ಗುರುತು ಹಾಕಿ, ಮತ್ತೆ ತಿರುಗಿಸಿ.

ಕೊನೆಗೆ ಆ ಅಸೆಂಬ್ಲಿಯನ್ನು, ಅದನ್ನು ಬೈಟ್ ಮಾಡುವ ‘ಪಾಸ್ಮೊ’ ತಂತ್ರಾಂಶಕ್ಕೆ ಕೊಟ್ಟು ಮತ್ತೆ ಬೈಟ್‌ ಮಾಡಿ, ಟೇಪಿನ ಬೈಟ್‌ಗಳ ಜೊತೆ ಹೋಲಿಸಿ. ಒಂದು ಬೈಟೂ ಬೇರೆಯಾಗಬಾರದು. ಅಲ್ಲಿಯವರೆಗೆ ತಿದ್ದುಪಡಿ, ಸುಧಾರಣೆಯ ಆಸೆ ಕಟ್ಟಿಡಿ.

ಫ್ಯೂಸ್‌ನಲ್ಲಿ ಓಡಿಸಿ ಚಿಕ್ಕಪ್ಪನಿಗೆ ತೋರಿಸಿದೆ. ತಲೆಕಟ್ಟು ಎಲ್ಲಿ ಅಂತ ಕೇಳಿದೆ.

“ಜಾಗ ಇತ್ತಿಲ್ಲೆ ತಮಾ” ಅಂದರು.